ಬಣ್ಣದ ಕೆಳಗಿನ ಕೈಗಳು

ಹಳೆಯ ಯಂತ್ರ ಕೊಳ್ಳಲು ಹೊರಟವರಿಗೆ ನಾನು ಮೊದಲು ಹೇಳುವ ಮಾತು ಒಂದೇ: ಹೊಸದಾಗಿ ಬಣ್ಣ ಬಳಿದಿದ್ದರೆ, ಬೆಲೆ ಕೇಳುವ ಮುಂಚೆ ಗ್ರೀಸ್ ನಿಪ್ಪಲ್‌ಗಳನ್ನು, ಅಂದರೆ ಗ್ರೀಸ್ ತುಂಬುವ ಪುಟ್ಟ ಮೂತಿಗಳನ್ನು, ಹುಡುಕಿ. ನಿಪ್ಪಲ್‌ನ ತುದಿಯ ಮೇಲೂ ಬಣ್ಣ ಕೂತಿದ್ದರೆ, ಬಣ್ಣ ಹೊಡೆದ ದಿನದಿಂದ ಈಚೆಗೆ ಅಲ್ಲಿಗೆ ಗ್ರೀಸ್ ಗನ್ ತಾಗಿಲ್ಲ ಎಂದೇ ಅರ್ಥ. ಮಾರುವವರು ಏನು ಹೇಳಿದರೂ ಆ ಒಂದು ಚುಕ್ಕೆ ಬಣ್ಣ ಸುಳ್ಳು ಹೇಳುವುದಿಲ್ಲ.

ನಾನು ಕೊಂಡ ಟ್ರ್ಯಾಕ್ಟರ್‌ನ ಮುಂದಿನ ಆ್ಯಕ್ಸಲ್ ಹಾಗೆಯೇ ಇತ್ತು. ನಿಪ್ಪಲ್, ಬೋಲ್ಟ್, ವಾಷರ್ ಎಲ್ಲವನ್ನೂ ಸೇರಿಸಿ ಯಾರೋ ಹಳದಿ ಬಣ್ಣ ಸಿಂಪಡಿಸಿಬಿಟ್ಟಿದ್ದರು. ಆದರೂ ಕೊಂಡೆ. ಬಣ್ಣ ಹೊಡೆದವರು ಆ ಯಂತ್ರದ ಕೊನೆಯ ಒಡೆಯರಲ್ಲಿ ಒಬ್ಬರು ಮಾತ್ರ. ಅವರಿಗಿಂತ ಹಿಂದೆ ಅದನ್ನು ಬೇರೆ ರೀತಿಯಲ್ಲಿ ನೋಡಿಕೊಂಡವರು ಇದ್ದರು ಎಂಬುದಕ್ಕೆ ಗುರುತುಗಳು ಸಿಕ್ಕವು. ಆ ಗುರುತುಗಳ ಬಗ್ಗೆಯೇ ಈ ಬರಹ.

ಅಮೆರಿಕದ ಇಂಡಿಯಾನಾ ರಾಜ್ಯದ ದಕ್ಷಿಣ ಭಾಗದಲ್ಲಿ ನಮ್ಮ ಮನೆ. ಮನೆಯ ಸುತ್ತ ಒಂದೂವರೆ ಎಕರೆ, ನಮ್ಮ ಊರಿನ ಲೆಕ್ಕದಲ್ಲಿ 60 ಗುಂಟೆ. ಬಹುಪಾಲು ಹುಲ್ಲು, ಒಂದು ಮೂಲೆಯಲ್ಲಿ ತರಕಾರಿ ಮಡಿ, ರಸ್ತೆಯವರೆಗೆ ಜಲ್ಲಿ ಹಾಸಿದ ದಾರಿ. ಬೇಸಿಗೆಯಲ್ಲಿ ಹುಲ್ಲು ಕತ್ತರಿಸಬೇಕು, ವಸಂತದಲ್ಲಿ ಮಡಿ ಉಳಬೇಕು, ಚಳಿಗಾಲದಲ್ಲಿ ಹಿಮ ತಳ್ಳಬೇಕು. ಈ ಮೂರೂ ಕೆಲಸ ಒಂದೇ ಯಂತ್ರ ಮಾಡಬೇಕೆಂದರೆ ಅಂಗಡಿಯಲ್ಲಿ ಸಾಲಾಗಿ ನಿಲ್ಲಿಸಿರುವ ಹಗುರ ಲಾನ್ ಟ್ರ್ಯಾಕ್ಟರ್ ಸಾಲದು. ನೇಗಿಲು ಎಳೆಯಲು ತೂಕ ಬೇಕು, ಗಟ್ಟಿ ಗೇರ್ ಬಾಕ್ಸ್ ಬೇಕು. ಅಂಥದ್ದನ್ನು ಹೊಸದಾಗಿ ಕೊಳ್ಳಲು ಬೇಕಾಗುವ ಹಣ ನೋಡಿದ ಮೇಲೆ ನನ್ನ ಕಣ್ಣು ಹಳೆಯ ಗಾರ್ಡನ್ ಟ್ರ್ಯಾಕ್ಟರ್‌ಗಳ ಕಡೆ ಹೋಯಿತು.

ಗಾರ್ಡನ್ ಟ್ರ್ಯಾಕ್ಟರ್ ಎಂಬುದು ಎರಡನೆಯ ಮಹಾಯುದ್ಧದ ನಂತರದ ಅಮೆರಿಕದಲ್ಲಿ ಬೆಳೆದ ಯಂತ್ರ. ನಗರಗಳಿಂದ ಹೊರಗೆ ಅರ್ಧ ಎಕರೆ, ಒಂದು ಎಕರೆ ಜಾಗದಲ್ಲಿ ಮನೆ ಕಟ್ಟಿಕೊಂಡವರಿಗೆ ಹೊಲದ ಟ್ರ್ಯಾಕ್ಟರ್ ದೊಡ್ಡದಾಯಿತು, ಕೈಯಲ್ಲಿ ತಳ್ಳುವ ಯಂತ್ರ ಸಣ್ಣದಾಯಿತು. ಈ ರಾಜ್ಯದ ಸೌತ್ ಬೆಂಡ್ ಎಂಬ ಊರಿನಲ್ಲಿ 1946ರಲ್ಲಿ ಶುರುವಾದ ಪಾಂಡ್ ಕುಟುಂಬದ ಕಂಪನಿ ಮುಂದೆ ವೀಲ್ ಹಾರ್ಸ್ ಎಂದು ಹೆಸರಾಯಿತು. ಹೊಲದ ಟ್ರ್ಯಾಕ್ಟರ್ ಮಾಡುತ್ತಿದ್ದ ದೊಡ್ಡ ಕಂಪನಿಗಳು ಸ್ವಲ್ಪ ತಡವಾಗಿ ಬಂದವು. ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ 1960ರಲ್ಲಿ ಕಬ್ ಕೆಡೆಟ್ ತಂದಿತು. ಜಾನ್ ಡೀರ್ ತನ್ನ 110 ಮಾದರಿಯನ್ನು 1963ರಲ್ಲಿ ತಂದಿತು. ಕಬ್ ಕೆಡೆಟ್ ಹುಟ್ಟಿದ್ದು ಕೆಂಟಕಿಯ ಲೂಯಿವಿಲ್ ಕಾರ್ಖಾನೆಯಲ್ಲಿ. ಫಾರ್ಮಾಲ್ ಕಬ್ ಎಂಬ ಸಣ್ಣ ಹೊಲದ ಟ್ರ್ಯಾಕ್ಟರ್ ಕೂಡ ಅಲ್ಲಿಯೇ ತಯಾರಾಗುತ್ತಿತ್ತು. ಅದರ ಗೇರ್ ಬಾಕ್ಸ್‌ನ ವಿನ್ಯಾಸವನ್ನೇ ಆಧಾರವಾಗಿ ಇಟ್ಟುಕೊಂಡು ಕಬ್ ಕೆಡೆಟ್‌ನ ಹಿಂಭಾಗವನ್ನು ಮಾಡಿದರು. ಹಾಗಾಗಿ ಹುಲ್ಲು ಕತ್ತರಿಸುವ ಯಂತ್ರಕ್ಕೆ ಉಳುಮೆಯ ಯಂತ್ರದ ಬೆನ್ನುಮೂಳೆ ಸಿಕ್ಕಿತು. ಮೊದಲ ಮಾದರಿಯಲ್ಲಿ ಬೆಲ್ಟ್ ಇತ್ತು; ಆಮೇಲಿನ ಮಾದರಿಗಳಲ್ಲಿ ಎಂಜಿನ್‌ನಿಂದ ಗೇರ್ ಬಾಕ್ಸ್‌ಗೆ ಶಕ್ತಿ ಹೋಗುವುದು ನೇರ ಉಕ್ಕಿನ ಶಾಫ್ಟ್‌ನಲ್ಲಿ.

ನನ್ನದು ಕಬ್ ಕೆಡೆಟ್ 122. 1965ರಿಂದ 1967ರವರೆಗೆ ಬಂದ ಮಾದರಿ, 12 ಅಶ್ವಶಕ್ತಿ, ಮುಂದಕ್ಕೆ ಮೂರು ಗೇರ್.

ಮಾರುತ್ತಿದ್ದವರು ವಯಸ್ಸಾದ ರೈತರು. ಅದು ಅವರ ತೀರಿಹೋದ ತಮ್ಮನ ವಸ್ತು. ತಮ್ಮ ಅದನ್ನು ಹರಾಜಿನಲ್ಲಿ ಹಿಡಿದಿದ್ದು, ಅದಕ್ಕಿಂತ ಹಿಂದಿನದು ಏನೂ ತಿಳಿಯದು ಎಂದರು. ನಾನು ಬರುವ ಮುಂಚೆ ದಯವಿಟ್ಟು ಸ್ಟಾರ್ಟ್ ಮಾಡಬೇಡಿ ಎಂದು ಫೋನಿನಲ್ಲೇ ಕೇಳಿಕೊಂಡಿದ್ದೆ. ಹೋದ ಕೂಡಲೇ ಎಂಜಿನ್‌ನ ತಲೆಯ ಮೇಲೆ ಕೈಯಿಟ್ಟೆ, ತಣ್ಣಗಿತ್ತು. ಹಳೆಯ ಎಂಜಿನ್‌ನ ನಿಜವಾದ ಗುಣ ತಿಳಿಯುವುದು ತಣ್ಣಗಿದ್ದಾಗ ಅದು ಹೇಗೆ ಎದ್ದೇಳುತ್ತದೆ ಎಂಬುದರಲ್ಲಿ. ಮೊದಲೇ ಓಡಿಸಿ ಬಿಸಿ ಮಾಡಿಟ್ಟ ಎಂಜಿನ್ ಎಲ್ಲ ದೋಷವನ್ನೂ ಮುಚ್ಚಿಕೊಂಡು ನಿಮ್ಮೆದುರು ನಿಲ್ಲುತ್ತದೆ.

ಅದು ಬಹಳ ಹೊತ್ತು ತಿಣುಕಿ ಶುರುವಾಯಿತು. ಆಮೇಲೆ ಸದ್ದು ಏರುತ್ತ ಇಳಿಯುತ್ತ ಇತ್ತು. ಆದರೆ ಹೊಗೆಯಲ್ಲಿ ನೀಲಿ ಬಣ್ಣ ಇರಲಿಲ್ಲ, ಅಂದರೆ ಪಿಸ್ಟನ್ ರಿಂಗ್ ದಾಟಿ ಎಣ್ಣೆ ಉರಿಯುತ್ತಿರಲಿಲ್ಲ. ಗೇರ್ ಬಾಕ್ಸ್‌ನ ಎಣ್ಣೆಯನ್ನು ಅಳತೆಯ ಮಟ್ಟದ ಪ್ಲಗ್ ಬಿಚ್ಚಿ ಬೆರಳಿಗೆ ತೆಗೆದುಕೊಂಡು ನೋಡಿದೆ. ಹಾಲಿನಂತೆ ಬೆಳ್ಳಗಾಗಿರಲಿಲ್ಲ, ಸ್ವಚ್ಛವಾಗಿತ್ತು. ಬೆಳ್ಳಗಾಗಿದ್ದರೆ ನೀರು ಸೇರಿದೆ ಎಂದರ್ಥ. ಹಿಂದಿನ ಬೀಡು ಕಬ್ಬಿಣದ ಎರಕದಲ್ಲಿ ಬಿರುಕು ಇರಲಿಲ್ಲ. ಕೊಟ್ಟಿಗೆಯ ಒಳಗೆ 42 ಇಂಚಿನ ಹುಲ್ಲು ಕತ್ತರಿಸುವ ಡೆಕ್ ಮತ್ತು ಹಿಮ ತಳ್ಳುವ ಬ್ಲೇಡ್ ಇದ್ದವು. ಬಿಡಿಯಾಗಿ ಹುಡುಕಲು ಹೋದರೆ ಆ ಎರಡಕ್ಕೇ ಟ್ರ್ಯಾಕ್ಟರ್‌ನ ಅರ್ಧ ಬೆಲೆ ತೆರಬೇಕಾಗುತ್ತಿತ್ತು. ಅವರು 700 ಡಾಲರ್ ಎಂದರು, 600ಕ್ಕೆ ಒಪ್ಪಿದೆವು. ಟ್ರೈಲರ್‌ಗೆ ಹತ್ತಿಸುವಾಗ ಅವರು ಹಿಂದಿನಿಂದ ತಳ್ಳಿದರು. ಆ ವಯಸ್ಸಿನಲ್ಲಿ ಬೇಡ ಎಂದರೂ ಕೇಳಲಿಲ್ಲ.

ಮನೆಗೆ ತಂದ ಮೇಲೆ ಕೂಡಲೇ ರಿಪೇರಿಗೆ ಕೈ ಹಾಕಬಾರದು ಎಂಬುದು ನನ್ನ ಪದ್ಧತಿ. ತೊಳೆದು, ಒರೆಸಿ, ದೀಪ ಹಿಡಿದು ಒಂದೊಂದು ಭಾಗವನ್ನೂ ನೋಡಬೇಕು. ಹೊಸ ಯಂತ್ರ ಕೆಟ್ಟರೆ ಕಾರ್ಖಾನೆಯವರು ಹೇಗೆ ಯೋಚಿಸಿದ್ದರು ಎಂದು ತಿಳಿದರೆ ಸಾಕು. ಐವತ್ತು ಅರವತ್ತು ವರ್ಷದ ಯಂತ್ರ ಕೆಟ್ಟರೆ, ನಡುವೆ ಕೈ ಹಾಕಿದ ಪ್ರತಿಯೊಬ್ಬರೂ ಹೇಗೆ ಯೋಚಿಸಿದ್ದರು ಎಂದು ತಿಳಿಯಬೇಕು. ಕೈಪಿಡಿಯಲ್ಲಿ ಇರುವುದು ಕಾರ್ಖಾನೆಯಿಂದ ಹೊರಟ ದಿನದ ಟ್ರ್ಯಾಕ್ಟರ್. ನಿಮ್ಮ ಮುಂದೆ ನಿಂತಿರುವುದು ಅದಲ್ಲ.

ಮೊದಲ ಕೈ ಕಂಡದ್ದು ವೈರಿಂಗ್‌ನಲ್ಲಿ. ಪ್ರತಿ ವೈರಿನ ತುದಿಯನ್ನೂ ಬೆಸುಗೆ ಹಾಕಿ ಮುಗಿಸಿದ್ದರು. ಪ್ರತಿಯೊಂದಕ್ಕೂ ಬೆರಳಿನ ಉಗುರಿನಷ್ಟು ಅಗಲದ ತಗಡಿನ ಚೂರು ಕಟ್ಟಿತ್ತು. ಅದರ ಮೇಲೆ ಪಂಚ್‌ನಿಂದ ಕುಟ್ಟಿದ ಅಂಕಿ. ಅದೇ ಅಂಕಿ ವೋಲ್ಟೇಜ್ ರೆಗ್ಯುಲೇಟರ್‌ನ ಆಯಾ ಟರ್ಮಿನಲ್ ಪಕ್ಕದಲ್ಲೂ ಇತ್ತು. ಈ ಮಾದರಿಯಲ್ಲಿ ಸ್ಟಾರ್ಟರ್ ಮತ್ತು ಜನರೇಟರ್ ಎರಡೂ ಒಂದೇ ಯಂತ್ರ. ಕೀಲಿ ತಿರುಗಿಸಿದಾಗ ಅದು ಬೆಲ್ಟ್ ಮೂಲಕ ಎಂಜಿನ್ ತಿರುಗಿಸುತ್ತದೆ; ಎಂಜಿನ್ ಎದ್ದ ಮೇಲೆ ಅದೇ ಬೆಲ್ಟ್‌ನಿಂದ ತಿರುಗಿ ಬ್ಯಾಟರಿಗೆ ಚಾರ್ಜ್ ಕೊಡುತ್ತದೆ. ವೈರ್ ತಪ್ಪಾಗಿ ಜೋಡಿಸಿದರೆ ರೆಗ್ಯುಲೇಟರ್ ಸುಟ್ಟುಹೋಗುತ್ತದೆ. ಅದು ಗೊತ್ತಿದ್ದವರು, ಮುಂದೆ ಗೊತ್ತಿಲ್ಲದವರು ಬರಬಹುದು ಎಂದು ಎಣಿಸಿ ಅಂಕಿ ಕುಟ್ಟಿದ್ದರು. ಎಂಜಿನ್‌ನ ಹೆಡ್ ಬೋಲ್ಟ್‌ಗಳ ಮೂಲೆಗಳು ಸವೆಯದೆ ಚೂಪಾಗಿದ್ದವು, ಅಂದರೆ ಅಳತೆಗೆ ಸರಿಯಾದ ಸ್ಪ್ಯಾನರ್ ಮಾತ್ರ ಅವುಗಳ ಮೇಲೆ ಕೂತಿತ್ತು. ಇದೂ ಅದೇ ಕೈ ಇರಬೇಕೆಂದು ನನ್ನ ಊಹೆ. ಆ ವ್ಯಕ್ತಿಯ ಮೇಲೆ ನನಗೆ ಮೂಡಿದ ಗೌರವ ಸಣ್ಣದಲ್ಲ.

ಎಂಜಿನ್ ಕೋಹ್ಲರ್ ಕಂಪನಿಯ ಕೆ301. ಒಂದೇ ಸಿಲಿಂಡರ್, ಸುಮಾರು 476 ಸಿಸಿ, ಬ್ಲಾಕ್ ಪೂರ್ತಿ ಬೀಡು ಕಬ್ಬಿಣ. ವಾಲ್ವ್‌ಗಳು ಮೇಲಿನ ಹೆಡ್‌ನಲ್ಲಿ ಇರದೆ ಸಿಲಿಂಡರ್‌ನ ಪಕ್ಕದಲ್ಲೇ ಬ್ಲಾಕ್ ಒಳಗೆ ಇರುತ್ತವೆ. ಆದ್ದರಿಂದ ಹೆಡ್ ಎಂಬುದು ಇಲ್ಲಿ ಬರಿಯ ಮುಚ್ಚಳ. ಬೋಲ್ಟ್ ಬಿಚ್ಚಿ ಎತ್ತಿದರೆ ಪಿಸ್ಟನ್, ವಾಲ್ವ್, ಅಂಟಿಕೊಂಡ ಮಸಿ ಎಲ್ಲವೂ ಕಣ್ಣೆದುರು. ಕಿಡಿ ಕೊಡುವ ಪಾಯಿಂಟ್‌ಗಳು ಬ್ಲಾಕ್‌ನ ಪಕ್ಕದಲ್ಲಿ ಸಣ್ಣ ಮುಚ್ಚಳದ ಕೆಳಗಿವೆ. ಒಳಗಿನ ಕ್ಯಾಮ್ ಒಂದು ಪುಟ್ಟ ಕಡ್ಡಿಯನ್ನು ತಳ್ಳುತ್ತದೆ, ಕಡ್ಡಿ ಪಾಯಿಂಟನ್ನು ತೆರೆಯುತ್ತದೆ. ಕಡ್ಡಿಯ ಸುತ್ತ ಸವೆದರೆ ಎಣ್ಣೆ ಜಿನುಗಿ ಪಾಯಿಂಟ್‌ಗೆ ಅಂಟುತ್ತದೆ, ಕಿಡಿ ದುರ್ಬಲವಾಗುತ್ತದೆ. ನನ್ನದರಲ್ಲಿ ಆಗಿದ್ದೂ ಅದೇ. ಹೊಸ ಪಾಯಿಂಟ್ ಮತ್ತು ಕಂಡೆನ್ಸರ್ ಹಾಕಿ, ಪೂರ್ತಿ ತೆರೆದಾಗ ನಡುವೆ 0.020 ಇಂಚು ಬರುವಂತೆ ಸಂದು ಅಳೆಯುವ ತೆಳು ತಗಡು, ಫೀಲರ್ ಗೇಜ್, ಇಟ್ಟು ಬಿಗಿದೆ. ಆಮೇಲೆ ಫ್ಲೈವೀಲ್‌ನ ಮೇಲಿನ ಗುರುತು ಕಿಂಡಿಯಲ್ಲಿ ಕಾಣುವ ಹೊತ್ತಿಗೆ ಸರಿಯಾಗಿ ಪಾಯಿಂಟ್ ತೆರೆಯಲು ಶುರುವಾಗುತ್ತದೆಯೇ ಎಂದು ನೋಡಿಕೊಂಡೆ. ಕೈಯಿಂದ ಫ್ಲೈವೀಲನ್ನು ಕೂದಲೆಳೆಯಷ್ಟು ಸರಿಸುತ್ತ, ಮೀಟರ್‌ನ ಮುಳ್ಳು ಬೀಳುವ ಕ್ಷಣಕ್ಕೆ ಕಾಯುವ ಕೆಲಸ ಅದು. ಒಮ್ಮೆ ಮಾಡಿದರೆ ಎಂಜಿನ್ ಒಳಗೆ ಕಾಲ ಹೇಗೆ ಹಂಚಿಕೆಯಾಗಿದೆ ಎಂಬುದು ಯಾವ ಚಿತ್ರ ನೋಡಿದರೂ ಬಾರದಷ್ಟು ಚೆನ್ನಾಗಿ ಅರ್ಥವಾಗುತ್ತದೆ.

ಸ್ಟಾರ್ಟ್ ಆಗುವ ಕಷ್ಟ ಹೋಯಿತು. ಏರಿಳಿಯುವ ಸದ್ದು ಉಳಿಯಿತು.

ತೀರ್ಥಹಳ್ಳಿ ಕಡೆಯ ನನ್ನ ಭಾವನಿಗೆ, ಅಂದರೆ ಅಕ್ಕನ ಗಂಡನಿಗೆ, ವಿಡಿಯೋ ಕರೆ ಮಾಡಿದೆ. ಅವರು ಗದ್ದೆಗೆ ಟಿಲ್ಲರ್ ಇಳಿಸುವವರು, ತೋಟಕ್ಕೆ ಸೀಮೆಎಣ್ಣೆ ಪಂಪ್‌ಸೆಟ್‌ನಿಂದ ನೀರು ಹಾಯಿಸಿ ವರ್ಷಗಟ್ಟಲೆ ಅದನ್ನು ತಾವೇ ಬಿಚ್ಚಿ ಜೋಡಿಸಿದವರು. ಮಲೆನಾಡಿನಲ್ಲಿ ಮಳೆಗಾಲಕ್ಕೆ ಮುಂಚೆ ಮೆಕ್ಯಾನಿಕ್ ಸಿಗುವುದು ಎಷ್ಟು ಕಷ್ಟ ಎಂಬುದು ಅಲ್ಲಿದ್ದವರಿಗೆ ಗೊತ್ತು. ಎಂಜಿನ್‌ನ ವೇಗವನ್ನು ಸಮವಾಗಿಡುವ ಗವರ್ನರ್ ಕೆಟ್ಟಿರಬಹುದು ಎಂದೆ ನಾನು.

"ಗವರ್ನರ್ ಮುಟ್ಟಬೇಡ. ಫೋನನ್ನು ಎಂಜಿನ್ ಹತ್ತಿರ ಹಿಡಿ," ಎಂದರು ಭಾವ. ಸ್ವಲ್ಪ ಹೊತ್ತು ಕೇಳಿಸಿಕೊಂಡು, "ಚೋಕ್ ಕಾಲುಭಾಗ ಎಳೆ ನೋಡೋಣ."

ಎಳೆದೆ, ಅಂದರೆ ಒಳಗೆ ಹೋಗುವ ಗಾಳಿಯನ್ನು ಕಡಿಮೆ ಮಾಡಿದೆ. ಸದ್ದು ಸಮವಾಯಿತು.

"ಅದಕ್ಕೆ ಹಸಿವು. ಪೆಟ್ರೋಲ್ ಕಡಿಮೆಯಾಗುತ್ತಿದೆ, ಇಲ್ಲವೇ ಬೇಡದ ಗಾಳಿ ಒಳಗೆ ಹೋಗುತ್ತಿದೆ. ವೇಗ ಬಿದ್ದಾಗ ಪಾಪ ಗವರ್ನರ್ ಎತ್ತಿ ಹಿಡಿಯಲು ನೋಡುತ್ತದೆ, ಮತ್ತೆ ಬೀಳುತ್ತದೆ. ಅದನ್ನು ಬೈದು ಏನು ಪ್ರಯೋಜನ? ಕಾರ್ಬುರೇಟರ್ ಬಿಚ್ಚು. ಪ್ಯಾಕಿಂಗ್ ನೋಡು."

ಪೆಟ್ರೋಲನ್ನು ಗಾಳಿಗೆ ಬೆರೆಸುವ ಕಾರ್ಬುರೇಟರ್ ಒಳಗೆ ಅಂಟು ನಿರೀಕ್ಷೆಯಂತೆ ಇತ್ತು. ಇಲ್ಲಿ ಬಂಕ್‌ನಲ್ಲಿ ಸಿಗುವ ಸಾಮಾನ್ಯ ಪೆಟ್ರೋಲ್‌ನಲ್ಲಿ ಶೇ 10ರವರೆಗೆ ಎಥನಾಲ್ ಇರುತ್ತದೆ. ಅದು ಗಾಳಿಯ ತೇವವನ್ನು ಹೀರುತ್ತದೆ, ಹಳೆಯ ರಬ್ಬರನ್ನು ಹಾಳುಮಾಡುತ್ತದೆ, ತಿಂಗಳುಗಟ್ಟಲೆ ನಿಂತರೆ ಸಣ್ಣ ರಂಧ್ರಗಳು ಕಟ್ಟಿಕೊಳ್ಳುತ್ತವೆ. ನಮ್ಮ ದೇಶದಲ್ಲಿ ಈಗ ಶೇ 20ರಷ್ಟು ಬೆರಕೆ ಬಂದಿರುವುದರಿಂದ ಹಳೆಯ ಪೆಟ್ರೋಲ್ ಎಂಜಿನ್ ಇಟ್ಟುಕೊಂಡವರು ಇದನ್ನು ಇನ್ನೂ ಹೆಚ್ಚು ಗಮನಿಸಬೇಕು: ಕೆಲಸವಿಲ್ಲದ ಕಾಲದಲ್ಲಿ ಟ್ಯಾಂಕ್ ಮತ್ತು ಕಾರ್ಬುರೇಟರ್ ಎರಡನ್ನೂ ಖಾಲಿ ಮಾಡಿ ಇಡಿ. ನಾನು ಈಗ ಎಥನಾಲ್ ಇಲ್ಲದ ಪೆಟ್ರೋಲ್ ಮಾರುವ ಬಂಕ್ ಹುಡುಕಿಕೊಂಡಿದ್ದೇನೆ. ಬೆಲೆ ಹೆಚ್ಚು, ಆದರೆ ಇಂಥ ಎಂಜಿನ್‌ಗೆ ಅದು ಸಲ್ಲುತ್ತದೆ.

ಎರಡನೆಯ ಕೈ ಕಂಡದ್ದು ಇಲ್ಲಿಯೇ. ಕಾರ್ಬುರೇಟರ್ ಮತ್ತು ಬ್ಲಾಕ್ ನಡುವಿನ ಪ್ಯಾಕಿಂಗ್, ಬೆಳಗಿನ ತಿಂಡಿಯ ಧಾನ್ಯದ ಡಬ್ಬಿಯ ರಟ್ಟಿನಿಂದ ಕತ್ತರಿಸಿದ್ದಾಗಿತ್ತು. ಒಂದು ಮಗ್ಗುಲಲ್ಲಿ ಕೆಂಪು ಅಚ್ಚಿನ ಅರ್ಧ ಅಕ್ಷರ ಇನ್ನೂ ಕಾಣುತ್ತಿತ್ತು. ಬೋಲ್ಟ್‌ನ ತೂತುಗಳನ್ನು ಕತ್ತರಿಯಲ್ಲಿ ಅಂದಾಜಿಗೆ ಕತ್ತರಿಸಿದ್ದರು, ಒಂದು ಕಡೆ ಅಂಚು ತೀರ ಕಿರಿದಾಗಿ ಅಲ್ಲಿಂದಲೇ ಗಾಳಿ ಎಳೆಯುತ್ತಿತ್ತು. ರಟ್ಟಿನ ಹೊರ ಅಂಚಿನ ಮೇಲೆ ಹಳದಿ ಸಿಂಪಡಣೆಯ ಹನಿಗಳಿದ್ದವು. ಅಂದರೆ ರಟ್ಟು ಬಂದದ್ದು ಬಣ್ಣಕ್ಕಿಂತ ಮುಂಚೆ. ಇದನ್ನು ಮಾಡಿದವರನ್ನು ನಾನು ಕೆಟ್ಟ ಕೆಲಸಗಾರ ಎನ್ನಲಾರೆ. ಹುಲ್ಲು ಮೊಣಕಾಲುದ್ದ ಬೆಳೆದಿರುವಾಗ, ಭಾನುವಾರ ಅಂಗಡಿ ಮುಚ್ಚಿರುವಾಗ, ಕೈಗೆ ಸಿಕ್ಕಿದ್ದರಲ್ಲಿ ಯಂತ್ರ ಓಡಿಸಿದ ಮನುಷ್ಯ ಆತ. ಆ ರಟ್ಟು ವರ್ಷಗಟ್ಟಲೆ ತಡೆದುಕೊಂಡಿತ್ತು. ಸರಿಯಾದ ಪ್ಯಾಕಿಂಗ್ ತರಿಸಿ ಹಾಕಿದ ಮೇಲೆ ಸದ್ದಿನ ಏರಿಳಿತ ನಿಂತಿತು. ಭಾವನಿಗೆ ಆ ರಟ್ಟಿನ ಚಿತ್ರ ಕಳಿಸಿದಾಗ, ತಮ್ಮ ಪಂಪ್‌ಸೆಟ್‌ನಲ್ಲಿ ಮದುವೆಯ ಕರೆಯೋಲೆ ಇದೆ ಎಂದು ಉತ್ತರ ಬಂತು.

ಕ್ಲಚ್ ಕಡೆ ಕಂಡದ್ದಕ್ಕೆ ಮಾತ್ರ ನನ್ನಲ್ಲಿ ಅಷ್ಟು ಸಹನೆ ಇಲ್ಲ. ಎಂಜಿನ್‌ನಿಂದ ಹಿಂದಕ್ಕೆ ಹೋಗುವ ಶಾಫ್ಟ್ ಗೇರ್ ಬಾಕ್ಸ್‌ಗೆ ಸೇರುವ ಕಡೆ ಒಂದು ಕಪ್ಲಿಂಗ್ ಇದೆ. ಅದರಲ್ಲಿ ಸುರುಳಿ ಸುತ್ತಿದ ಉಕ್ಕಿನ ಪಿನ್ ಇರಬೇಕು. ಅಂಥ ಪಿನ್ ತೂತಿನ ಒಳಗೆ ತಾನೇ ಬಿಗಿಯಾಗಿ ಹಿಗ್ಗಿ ಕೂರುತ್ತದೆ, ಬಡಿತವನ್ನು ಅಷ್ಟಿಷ್ಟು ತಾಳಿಕೊಳ್ಳುತ್ತದೆ. ಈ ಟ್ರ್ಯಾಕ್ಟರ್‌ನ ಪ್ರಸಿದ್ಧ ದುರ್ಬಲ ಜಾಗ ಅದು. ದೀಪ ಹಾಕಿ ನೋಡಿದಾಗ ಕಪ್ಲಿಂಗ್ ಸುತ್ತ ಕುಂಕುಮದಂಥ ಕೆಂಪು ಪುಡಿ ಉದುರಿತ್ತು. ಲೋಹ ಲೋಹಕ್ಕೆ ಉಜ್ಜಿ ತುಕ್ಕಾದ ಪುಡಿ. ಪಿನ್ ಇರಬೇಕಾದ ಜಾಗದಲ್ಲಿ ಕತ್ತರಿಸಿದ ಮೊಳೆ ಇತ್ತು. ಮೊಳೆ ಮೃದು, ತೂತಿಗೆ ಸಡಿಲ. ಪ್ರತಿ ಸಲ ಕ್ಲಚ್ ಬಿಟ್ಟಾಗಲೂ ಅದು ತೂತನ್ನು ಒಂದಿಷ್ಟು ಕೊರೆದಿದೆ, ಕೊರೆದೂ ಕೊರೆದೂ ದುಂಡಗಿನ ತೂತು ಮೊಟ್ಟೆಯ ಆಕಾರಕ್ಕೆ ಬಂದಿತ್ತು. ಮೂರು ಡಾಲರ್‌ಗೆ ಸಿಗುವ ಪಿನ್ನಿನ ಬದಲು ಮೊಳೆ ಹೊಡೆದದ್ದರಿಂದ ಕಪ್ಲಿಂಗ್, ಶಾಫ್ಟ್ ಎರಡೂ ಹಾಳಾದವು. ರಟ್ಟಿನ ಪ್ಯಾಕಿಂಗ್ ಸೋತಾಗ ತಾನು ಮಾತ್ರ ಸೋಲುತ್ತದೆ. ಮೊಳೆ ಸೋಲುವಾಗ ಪಕ್ಕದವರನ್ನೂ ತಿನ್ನುತ್ತದೆ. ತಾತ್ಕಾಲಿಕ ರಿಪೇರಿಗಳಲ್ಲಿ ಒಳ್ಳೆಯದು ಕೆಟ್ಟದ್ದು ಎಂದು ವಿಂಗಡಿಸಲು ನನ್ನ ಬಳಿ ಇರುವುದು ಇದೊಂದೇ ಅಳತೆ. ಆ ಮೊಳೆ ಯಾವ ಕಾಲದ್ದು, ರಟ್ಟಿನವರದೋ ಬಣ್ಣದವರದೋ ಎಂಬುದಕ್ಕೆ ಸಾಕ್ಷಿ ಸಿಗಲಿಲ್ಲ.

ಶಾಫ್ಟ್, ಕಪ್ಲಿಂಗ್, ಕ್ಲಚ್ ಡಿಸ್ಕ್, ಸ್ಪ್ರಿಂಗ್, ಎಲ್ಲ ಸಿಕ್ಕವು. ಹೊಸದಾಗಿ ತಯಾರಿಸಿದವೇ ಸಿಕ್ಕವು. ಇದು ನನಗೆ ಇವತ್ತಿಗೂ ಆಶ್ಚರ್ಯ. ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಎಂಬ ಕಂಪನಿಯೇ ಈಗಿಲ್ಲ. 1981ರಲ್ಲಿ ಅದು ಕಬ್ ಕೆಡೆಟ್ ವಿಭಾಗವನ್ನು ಎಂಟಿಡಿ ಎಂಬ ಕಂಪನಿಗೆ ಮಾರಿತು. ನಾಲ್ಕು ವರ್ಷದ ಒಳಗೆ ಕೃಷಿ ಯಂತ್ರಗಳ ವ್ಯವಹಾರವೂ ಟೆನೆಕೊ ಕಂಪನಿಯ ಕೈಸೇರಿ, ಅದರದೇ ಟ್ರ್ಯಾಕ್ಟರ್ ಕಂಪನಿಯಾದ ಕೇಸ್ ಜತೆ ಒಂದಾಯಿತು. ಎಂಟಿಡಿಯನ್ನು 2021ರಲ್ಲಿ ಸ್ಟ್ಯಾನ್ಲಿ ಬ್ಲ್ಯಾಕ್ ಆ್ಯಂಡ್ ಡೆಕರ್ ಪೂರ್ತಿ ಕೊಂಡಿತು. ಆದರೂ ಗೇರ್ ಬಾಕ್ಸ್‌ಗೆ ಹಾಕುವ ಹೈಟ್ರಾನ್ ಎಣ್ಣೆ ಅದೇ ಹೆಸರಿನಲ್ಲಿ ಇವತ್ತಿಗೂ ಕೇಸ್ ಐಎಚ್ ಡೀಲರ್ ಬಳಿ ಸಿಗುತ್ತದೆ. ಉಳಿದ ಬಿಡಿಭಾಗಗಳನ್ನು ಸಣ್ಣ ಕಾರ್ಯಾಗಾರಗಳವರು ತಯಾರಿಸುತ್ತಾರೆ. ಅವರು ತಯಾರಿಸಲು ಸಾಧ್ಯವಾಗುವುದು ಈ ಯಂತ್ರದಲ್ಲಿ ಅಳೆಯಲಾಗದ ಭಾಗ ಒಂದೂ ಇಲ್ಲದ ಕಾರಣ. ಕ್ಯಾಲಿಪರ್ ಮತ್ತು ಲೇತ್ ಇದ್ದವರು ಶಾಫ್ಟ್ ನೋಡಿ ಶಾಫ್ಟ್ ಮಾಡಬಲ್ಲರು.

ಈಗಿನ ದೊಡ್ಡ ಟ್ರ್ಯಾಕ್ಟರ್‌ಗಳಲ್ಲಿ ತೊಂದರೆ ಇರುವುದು ಇಲ್ಲಿಯೇ. ದೋಷ ಏನೆಂದು ತಿಳಿಯಲು ಕಂಪನಿಯ ಸಾಫ್ಟ್‌ವೇರ್ ಬೇಕು, ಅದು ಪೂರ್ತಿಯಾಗಿ ರೈತನ ಕೈಯಲ್ಲಿ ಇರುವುದಿಲ್ಲ. ಇದರ ವಿರುದ್ಧ ಇಲ್ಲಿನ ರೈತರು ಹೋರಾಡಿದ ಫಲವಾಗಿ ಕೊಲೊರಾಡೊ ರಾಜ್ಯ 2023ರಲ್ಲಿ ಕೃಷಿ ಯಂತ್ರಗಳ ರಿಪೇರಿಯ ಹಕ್ಕನ್ನು ಕಾನೂನು ಮಾಡಿತು. 2024ರ ಜನವರಿ 1ರಿಂದ ಅದು ಜಾರಿಯಲ್ಲಿದೆ. 2025ರ ಜನವರಿಯಲ್ಲಿ ಅಮೆರಿಕದ ಕೇಂದ್ರ ವ್ಯಾಪಾರ ಆಯೋಗ (ಎಫ್‌ಟಿಸಿ) ಇದೇ ವಿಷಯಕ್ಕೆ ಜಾನ್ ಡೀರ್ ಕಂಪನಿಯ ಮೇಲೆ ಮೊಕದ್ದಮೆ ಹೂಡಿತು. ನಾನು ಈ ಹಕ್ಕಿನ ಪರ. ಆದರೆ ಕೈಪಿಡಿ ಕೊಟ್ಟ ಮಾತ್ರಕ್ಕೆ ಮುಗಿಯುವುದಿಲ್ಲ ಎಂಬುದೂ ನನಗೆ ಕಾಣುತ್ತದೆ. ಮೊದಲ ಕೈಯವರು ತಗಡಿನ ಚೂರಿನ ಮೇಲೆ ಕುಟ್ಟಿದ ಅಂಕಿಯಂಥದ್ದು ಉಳಿಯಬೇಕಾದರೆ, ಕುಟ್ಟಲು ಒಂದು ಜಾಗವಾದರೂ ಯಂತ್ರದಲ್ಲಿ ಇರಬೇಕು.

ಇಷ್ಟು ಮೆಚ್ಚಿಕೊಂಡರೂ ಒಂದು ವಿಷಯದಲ್ಲಿ ಹಳೆಯದು ಹಳೆಯದೇ. ಈಗಿನ ಯಂತ್ರಗಳಲ್ಲಿ ಆಸನದಿಂದ ಎದ್ದರೆ ಬ್ಲೇಡ್ ನಿಲ್ಲಿಸುವ ಸ್ವಿಚ್ ಇರುತ್ತದೆ; 122ರಲ್ಲಿ ಅದು ಇಲ್ಲ. ನೀವು ಕೆಳಗೆ ಬಿದ್ದರೂ ಬ್ಲೇಡ್ ತಿರುಗುತ್ತಲೇ ಇರುತ್ತದೆ. ನಾನು ಆಸನದ ಕೆಳಗೆ ಅಂಥ ಸ್ವಿಚ್ ಕೂರಿಸಿ, ಎದ್ದ ಕೂಡಲೇ ಕಿಡಿ ಹುಟ್ಟಿಸುವ ಕಾಯಿಲ್‌ಗೆ ಹೋಗುವ ವಿದ್ಯುತ್ ಕಡಿದು ಎಂಜಿನ್ ನಿಲ್ಲುವಂತೆ ಜೋಡಿಸಿದ್ದೇನೆ. ಮೂಲ ಸ್ಥಿತಿ ಕೆಡಿಸಿದೆ ಎಂದು ಸಂಗ್ರಾಹಕರು ಹೇಳಬಹುದು, ಹೇಳಲಿ. ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಹುಲ್ಲು ಕತ್ತರಿಸುವ ಚಿತ್ರಗಳನ್ನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ದಯವಿಟ್ಟು ಬೇಡ. ಮುಚ್ಚಿದ ಗ್ಯಾರೇಜಿನಲ್ಲಿ ಎಂಜಿನ್ ಓಡಿಸುವುದೂ ಬೇಡ. ಹೊಗೆಯ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ.

ಬಣ್ಣವನ್ನು ನಾನು ಹಾಗೆಯೇ ಬಿಟ್ಟಿದ್ದೇನೆ. ನಿಪ್ಪಲ್‌ಗಳ ತುದಿಯನ್ನು ಮಾತ್ರ ಕೆರೆದು, ಆ್ಯಕ್ಸಲ್ ಎತ್ತಿ ನಿಲ್ಲಿಸಿ, ಗ್ರೀಸ್ ಗನ್ ಒತ್ತಿದೆ. ಮೊದಲು ಏನೂ ಹೋಗಲಿಲ್ಲ. ಡೀಸೆಲ್ ಬಿಟ್ಟು, ಬಿಸಿ ಗಾಳಿ ಹಿಡಿದು, ಚಕ್ರವನ್ನು ಎಡಕ್ಕೂ ಬಲಕ್ಕೂ ತಿರುಗಿಸುತ್ತ ಮತ್ತೆ ಒತ್ತಿದಾಗ ಕೆಳಗಿನಿಂದ ಹಳೆಯ ಗ್ರೀಸ್ ಬಂತು. ಮೊದಲು ಬೆಲ್ಲದ ಪಾಕ ಗಟ್ಟಿಯಾದ ಹಾಗೆ ಕಪ್ಪು ಉಂಡೆ, ನಂತರ ಕಂದು, ಕೊನೆಗೆ ಹೊಸ ಗ್ರೀಸ್‌ನ ಕೆಂಪು. ಕಪ್ಪು ಉಂಡೆಯಲ್ಲಿ ಲೋಹದ ಮಿನುಗು ಇರಲಿಲ್ಲ. ಒಣಗಿ ಹೋಗಿದ್ದರೂ ಮೊದಲಿನವರು ತುಂಬಿದ ಗ್ರೀಸ್ ಕೀಲನ್ನು ಕಾಪಾಡಿಕೊಂಡಿತ್ತು.

ಈಗ ಬಾಕಿ ಇರುವುದು ಸ್ಟೀರಿಂಗ್. ಚಕ್ರ ಹಿಡಿದು ಕಾಲು ಸುತ್ತು ತಿರುಗಿಸಿದರೂ ಮುಂದಿನ ಗಾಲಿಗೆ ತಿಳಿಯುವುದಿಲ್ಲ. ಈ ಸ್ಟೀರಿಂಗ್ ಪೆಟ್ಟಿಗೆಯೊಳಗೆ ತಿರುಪಿನಂಥ ತೋಡಿನಲ್ಲಿ ಒಂದು ಉಕ್ಕಿನ ಮೊನೆ ಜಾರುತ್ತದೆ. ಮೊನೆ ಸವೆದಂತೆ ಹೊರಗಿನ ಸ್ಕ್ರೂ ಬಿಗಿದು ಸರಿಮಾಡಬಹುದು. ನನ್ನದರಲ್ಲಿ ಯಾರೋ ಅದನ್ನು ಕೊನೆಯವರೆಗೂ ಬಿಗಿದುಬಿಟ್ಟಿದ್ದಾರೆ, ಇನ್ನು ಬಿಗಿಯಲು ಜಾಗವಿಲ್ಲ. ಎರಡು ದಾರಿಗಳಿವೆ. ಒಂದು, ಮೊನೆ ಇರುವ ಪೂರ್ತಿ ಲಿವರ್ ಹೊಸದು ತರಿಸುವುದು. ಇನ್ನೊಂದು, ಸವೆದ ಮೊನೆಯನ್ನು ತೆಗೆದು ಆ ಜಾಗದಲ್ಲಿ ಬೇರಿಂಗ್‌ನ ಗಟ್ಟಿ ಉಕ್ಕಿನ ಗುಂಡು ಕೂರಿಸುವುದು. ಹಳೆಯ ಕಬ್ ಕೆಡೆಟ್ ಇಟ್ಟುಕೊಂಡವರಲ್ಲಿ ಚಾಲ್ತಿಯಲ್ಲಿರುವ ಉಪಾಯ. ಗುಂಡು ಸವೆದರೆ ಗುಂಡನ್ನು ತಿರುಗಿಸಬಹುದು, ಬದಲಿಸಬಹುದು, ತೋಡು ಕೆಡುವುದಿಲ್ಲ. ಭಾವನೂ ಗುಂಡಿನ ಪರವಾಗಿಯೇ ಇದ್ದಾರೆ. ನಾನು ಅದನ್ನೇ ಹಾಕುತ್ತೇನೆ. ಗುಂಡಿನ ಅಳತೆಯನ್ನು ಪೆಟ್ಟಿಗೆಯ ಮುಚ್ಚಳದ ಒಳಮೈಯಲ್ಲಿ ಕುಟ್ಟಿಡಲು ಅಂಕಿಯ ಪಂಚ್‌ಗಳ ಒಂದು ಸೆಟ್ ತರಿಸಿದ್ದೇನೆ. ಹಿಮ ಬೀಳುವ ಮುಂಚೆ ಈ ಕೆಲಸ ಮುಗಿಯಬೇಕು, ಬ್ಲೇಡ್ ಕಟ್ಟಬೇಕು.